ರೇಸು ಬಿಟ್ಟ ಕುದುರೆ, ನಲವತ್ತು ದಾಟಿದ ಸವಾರೆ: ಖುಷಿಗಾಗಿ ಶೋ ಮಾಡಿದ ಒಂದು ಪ್ರಕರಣ

ಇದು ಬೆಂಗಳೂರಿನ ಹೊರವಲಯದ ಒಂದು ರೈಡಿಂಗ್ ಸ್ಕೂಲಿನಲ್ಲಿ ನಡೆದ ಸಂಗತಿ. ಸವಾರರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಸವಾರರನ್ನು 'ವಿ' ಎಂದು ಕರೆಯುತ್ತೇನೆ, ಕುದುರೆಯನ್ನು 'ಬೆಲ್ಲ' ಎಂದು. ನಾನು ಅಲ್ಲಿ ಸವಾರಿ ಕಲಿಸುವವಳು. ವಿ ಮೊದಲಿನಿಂದ ನನ್ನ ಹತ್ತಿರ ಕಲಿತವರಲ್ಲ. ತೊಂದರೆ ಶುರುವಾದ ಮೇಲೆ ಬಂದವರು.

"ಗೆಲ್ಲೋದು ಮುಖ್ಯ ಅಲ್ಲ, ಖುಷಿ ಮುಖ್ಯ" ಎಂಬ ಮಾತು ಪ್ರತಿ ಶೋನಲ್ಲೂ, ಅಂದರೆ ಕುದುರೆ ಸವಾರಿಯ ಸ್ಪರ್ಧೆಯಲ್ಲೂ, ಕೇಳುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತನ್ನು ನಡೆಸಿ ತೋರಿಸಬೇಕಾದರೆ ಏನೇನನ್ನು ಬದಲಿಸಬೇಕು ಎಂದು ಯಾರೂ ಹೇಳುವುದಿಲ್ಲ. ವಿ ಮತ್ತು ಬೆಲ್ಲ ಅದನ್ನು ಒಂದೊಂದಾಗಿ ಕಂಡುಕೊಂಡರು. ಅದಕ್ಕೇ ಈ ಬರಹ.

ಹಿನ್ನೆಲೆ

ವಿ ಅವರದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಚಿಕ್ಕಂದಿನಲ್ಲಿ ದಸರೆಗೆ ಮೈಸೂರಿಗೆ ಹೋದಾಗ ಪೊಲೀಸ್ ಅಶ್ವದಳ ನೋಡಿ ಕುದುರೆಯ ಆಸೆ ಹತ್ತಿತ್ತಂತೆ. ಏರುವ ಅವಕಾಶ ಸಿಕ್ಕಿದ್ದು ಮಕ್ಕಳು ಹೈಸ್ಕೂಲು ಸೇರಿದ ಮೇಲೆ. ಒಂದೆರಡು ವರ್ಷ ಸ್ಕೂಲಿನ ಬೇರೆ ಬೇರೆ ಕುದುರೆಗಳ ಮೇಲೆ ಕಲಿತರು. ಆಮೇಲೆ ಬೆಲ್ಲನನ್ನು ತಿಂಗಳ ಲೀಸಿಗೆ ತೆಗೆದುಕೊಂಡರು.

ಬೆಲ್ಲ ಕಂದು ಬಣ್ಣದ ಥರೋಬ್ರೆಡ್. ಬೀಜ ಒಡೆಸಿದ ಗಂಡು ಕುದುರೆ. ಆರನೇ ವಯಸ್ಸಿನವರೆಗೆ ರೇಸಿನಲ್ಲಿ ಓಡಿದವನು. ನಮ್ಮ ಕಡೆಯ ರೈಡಿಂಗ್ ಸ್ಕೂಲುಗಳಲ್ಲಿ ಇಂಥ ಕುದುರೆಗಳೇ ಜಾಸ್ತಿ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಕೋರ್ಸ್ ಇದೆ. ಕುಣಿಗಲ್ಲಿನ ಸ್ಟಡ್ ಫಾರಂ ಟಿಪ್ಪು ಕಾಲದ್ದು. ಥರೋಬ್ರೆಡ್ ಕುದುರೆ ಎರಡನೇ ವಯಸ್ಸಿಗೇ ಓಟಕ್ಕೆ ಇಳಿಯುತ್ತದೆ, ಐದಾರು ವರ್ಷಕ್ಕೆ ಟ್ರ್ಯಾಕ್ ಬಿಡುತ್ತದೆ. ಕುದುರೆ ಬದುಕುವುದು 25-30 ವರ್ಷ. ಅಂದರೆ ರೇಸು ಮುಗಿದಾಗ ಅದರ ಬದುಕಿನ ಬಹುಪಾಲು ಇನ್ನೂ ಬಾಕಿ ಇರುತ್ತದೆ.

ರೇಸಿನಲ್ಲಿ ಕಲಿತದ್ದನ್ನು ಆ ಕುದುರೆ ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಜಾಕಿ ಲಗಾಮು ಬಿಗಿ ಹಿಡಿದರೆ ಅದು ಕಡಿವಾಣದ ಮೇಲೆ ಭಾರ ಹಾಕಿ ಇನ್ನೂ ಜೋರಾಗಿ ಓಡುತ್ತದೆ. ಹೊಸ ಸವಾರರು ಹೆದರಿದರೆ ಮಾಡುವ ಮೊದಲ ಕೆಲಸವೇ ಲಗಾಮು ಬಿಗಿಯುವುದು. ಸವಾರರ ಭಯ ಕುದುರೆಗೆ "ಓಡು" ಎಂಬ ಅಪ್ಪಣೆಯಾಗಿ ಕೇಳಿಸುತ್ತದೆ. ಮುಂದಿನ ಕಥೆಗೆ ಈ ಸಂಗತಿ ಬೇಕು.

ವಿ ಮೊದಲ ಶೋಗೆ ಹೋದದ್ದು ಸ್ನೇಹಿತೆಯ ಒತ್ತಾಯಕ್ಕೆ. ಒಂದು ಡ್ರೆಸ್ಸಾಜ್ ಕ್ಲಾಸಿಗೆ ಹೆಸರು ಕೊಟ್ಟಿದ್ದರು. ಶೋನಲ್ಲಿ ಕ್ಲಾಸು ಎಂದರೆ ಸ್ಪರ್ಧೆಯ ಒಂದು ವಿಭಾಗ. ಡ್ರೆಸ್ಸಾಜ್ ಎಂದರೆ 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದದ ಅಂಗಣದಲ್ಲಿ ಮೊದಲೇ ಗೊತ್ತುಮಾಡಿದ ಚಲನೆಗಳನ್ನು ಕುದುರೆಯಿಂದ ಮಾಡಿಸುವುದು. ಸುತ್ತ ಅಕ್ಷರದ ಫಲಕಗಳಿರುತ್ತವೆ. 'ಎ' ಹತ್ತಿರ ಒಳಗೆ ಬಂದು, ನಡುವಿನ 'ಎಕ್ಸ್' ಜಾಗದಲ್ಲಿ ನಿಂತು ನಮಸ್ಕರಿಸಿ ಶುರು ಮಾಡಬೇಕು. ಪ್ರತಿ ಚಲನೆಗೂ ಸೊನ್ನೆಯಿಂದ 10ರವರೆಗೆ ಅಂಕ. 6 ಎಂದರೆ ತೃಪ್ತಿಕರ, 7 ಎಂದರೆ ಪರವಾಗಿಲ್ಲ ಚೆನ್ನಾಗಿದೆ. ಕೊನೆಗೆ ಎಲ್ಲ ಸೇರಿಸಿ ಶೇಕಡಾವಾರು ತೆಗೆಯುತ್ತಾರೆ. ವಿ ಅವರಿಗೆ ಆ ದಿನ ಶೇ 62 ಬಂತು. ಮೂರನೇ ಸ್ಥಾನ, ಒಂದು ಹಳದಿ ರೋಸೆಟ್ (ಬಹುಮಾನದ ರಿಬ್ಬನ್ ಹೂವು). ಅವರು ಅದನ್ನು ನಿರೀಕ್ಷಿಸಿಯೇ ಇರಲಿಲ್ಲ. ಅತ್ತುಬಿಟ್ಟರಂತೆ.

ಆಮೇಲೆ ನಡೆದದ್ದು ಬಹಳ ಜನರಿಗೆ ನಡೆಯುವಂಥದ್ದೇ. ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹೋಯಿತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಮುಂದಿನ ಸಲ ಫಸ್ಟೇ ಬರಬೇಕು ಎಂದು ಎಲ್ಲರೂ ಅಂದರು. ವಿ ಒಂದು ಎಕ್ಸೆಲ್ ಶೀಟ್ ಮಾಡಿದರು. ಪ್ರತಿ ಚಲನೆಯ ಅಂಕ, ಪ್ರತಿ ಶೋನ ಶೇಕಡಾವಾರು, ಮುಂದಿನ ಗುರಿ ಶೇ 65. ಬೇಲಿ ಹಾರಿಸುವ ಜಂಪಿಂಗ್ ಕ್ಲಾಸುಗಳಿಗೂ ಹೆಸರು ಕೊಟ್ಟರು, ಏಕೆಂದರೆ ಅಲ್ಲಿ ಕ್ಲಾಸುಗಳು ಹೆಚ್ಚು, ಬಹುಮಾನಗಳೂ ಹೆಚ್ಚು.

ತೊಂದರೆ

ಕೆಲವು ತಿಂಗಳಲ್ಲಿ ಬೆಲ್ಲ ಬದಲಾಗತೊಡಗಿದ. ಜೀನಿನ ಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುತ್ತಿದ್ದ. ಕಿವಿ ಹಿಂದಕ್ಕೆ ಮಡಚಿಯೇ ಕೆಲಸ ಮಾಡುತ್ತಿದ್ದ. ಹಲ್ಲು ಕಡಿಯುವ ಸದ್ದು ಬೇಲಿಯ ಆಚೆಗೂ ಕೇಳುತ್ತಿತ್ತು. ಶೋನಲ್ಲಿ 60 ಸೆಂಟಿಮೀಟರಿನ ಎರಡನೇ ಬೇಲಿಯ ಮುಂದೆ ನಿಂತುಬಿಟ್ಟ. ಮತ್ತೆ ತಂದರು, ಮತ್ತೆ ನಿಂತ. ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ (ಎಫ್‌ಇಐ) ನಿಯಮದಂತೆ ಎರಡನೇ ಸಲ ನಿಂತರೆ ಹೊರಗೆ. ಗಂಟೆ ಬಾರಿಸಿದರು. ಡ್ರೆಸ್ಸಾಜಿನಲ್ಲಿ ಅಂಕ 62ರಿಂದ 54ಕ್ಕೆ ಇಳಿಯಿತು. ಕುದುರೆ ಬಿಗಿಯಾಗಿದೆ, ಉಸಿರು ಬಿಡುತ್ತಿಲ್ಲ ಎಂದು ತೀರ್ಪುಗಾರರು ಅಂಕದ ಹಾಳೆಯಲ್ಲಿ ಬರೆದಿದ್ದರು.

ಸವಾರರ ಸ್ಥಿತಿಯೂ ಹಾಗೇ ಇತ್ತು. ಶೋ ಹಿಂದಿನ ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ವಾಂತಿ. ರಿಂಗಿನಿಂದ ಹೊರಬಂದ ಕೂಡಲೇ ಕುದುರೆಯನ್ನು ಸೈಸ್ (ಕುದುರೆ ನೋಡಿಕೊಳ್ಳುವವರು) ಕೈಗೆ ಕೊಟ್ಟು ಫಲಿತಾಂಶದ ಬೋರ್ಡ್ ನೋಡಲು ಓಡುತ್ತಿದ್ದರು. ಬೆವರಿನ ಕುದುರೆಗೆ ನೀರು ಹಾಕುವ, ಕುತ್ತಿಗೆ ತಟ್ಟುವ ಕೆಲಸ ನಿಂತೇಹೋಗಿತ್ತು. ಒಮ್ಮೆ ಅವರೇ ನನ್ನ ಹತ್ತಿರ ಹೇಳಿದರು: "ಮೇಡಂ, ಶನಿವಾರ ಬಂದ್ರೆ ಲಾಯಕ್ಕೆ ಬರೋದೇ ಬೇಡ ಅನ್ಸುತ್ತೆ. ಲೀಸ್ ಬಿಟ್ಟುಬಿಡ್ಲಾ ಅಂತ ಯೋಚನೆ ಮಾಡ್ತಿದೀನಿ."

ಅಲ್ಲಿಯವರೆಗೆ ಸುತ್ತಲಿನವರು ಕೊಟ್ಟ ಸಲಹೆಗಳೆಲ್ಲ ಸಾಮಾನಿನ ಬಗ್ಗೆಯೇ. ಸ್ಪರ್ (ಬೂಟಿನ ಹಿಮ್ಮಡಿಯ ಮುಳ್ಳು) ಹಾಕಿ, ಕಡಿವಾಣ ಬದಲಿಸಿ, ಮೂಗುಪಟ್ಟಿ ಬಿಗಿ ಮಾಡಿ. ಮೂರನ್ನೂ ಮಾಡಿ ನೋಡಿದ್ದರು. ಕಡಿವಾಣ ಗಡಸಾದಂತೆ ಬೆಲ್ಲ ತಲೆ ಎತ್ತಿ ಇನ್ನಷ್ಟು ಬಿಗಿಯಾದ. ನೋವಿನಿಂದ ಬಾಯಿ ತೆರೆಯುವ ಕುದುರೆಗೆ ಬಾಯಿ ಕಟ್ಟಿದರೆ ನೋವು ಹೋಗುವುದಿಲ್ಲ, ನಮಗೆ ಕಾಣದಂತೆ ಆಗುತ್ತದೆ ಅಷ್ಟೇ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಮೊದಲು ವೈದ್ಯರು

ನಾನು ಮೊದಲು ಕೇಳಿದ್ದು ಶೋ ನಿಲ್ಲಿಸಿ ಎಂದು, ಮತ್ತು ಒಂದು ವಿಡಿಯೋ. ಕುದುರೆ ಸವಾರಿಯಲ್ಲಿ ನೋವು ತೋರಿಸುವ 24 ವರ್ತನೆಗಳ ಒಂದು ಪಟ್ಟಿ ಇದೆ. ಇಂಗ್ಲೆಂಡಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದು. ಕಿವಿ ಹಿಂದಕ್ಕೆ ಹಿಡಿದಿರುವುದು, ಕಣ್ಣಿನ ಬಿಳಿ ಕಾಣುವುದು, ಬಾಲ ಮತ್ತೆ ಮತ್ತೆ ಬೀಸುವುದು, ಮುಂದೆ ಹೋಗಲು ಒಪ್ಪದಿರುವುದು ಇಂಥವು. 8 ಅಥವಾ ಅದಕ್ಕಿಂತ ಹೆಚ್ಚು ವರ್ತನೆ ಕಂಡರೆ ಕಾಲು, ಬೆನ್ನು, ಕೀಲುಗಳಲ್ಲಿ ನೋವಿರುವ ಸಾಧ್ಯತೆ ಜಾಸ್ತಿ. ವಿ ಟೆಸ್ಟಿಂಗ್ ಕೆಲಸದವರು. ಅವರಿಗೇ ಪಟ್ಟಿ ಕೊಟ್ಟು ವಿಡಿಯೋ ನೋಡಲು ಹೇಳಿದೆ. ಅವರು 9 ಗುರುತು ಹಾಕಿದರು. ಹಾಕಿ ಬಹಳ ಹೊತ್ತು ಸುಮ್ಮನಿದ್ದರು.

ಪಶುವೈದ್ಯರು ಬಂದು ನೋಡಿದಾಗ ಎರಡು ಸಂಗತಿ ಗೊತ್ತಾದವು. ಜೀನು ಬೆಲ್ಲನ ಬೆನ್ನಿಗೆ ಇಕ್ಕಟ್ಟಾಗಿತ್ತು, ಹೆಗಲಿನ ಹಿಂದೆ ಒತ್ತಿದರೆ ಬೆನ್ನು ತಗ್ಗಿಸುತ್ತಿದ್ದ. ಎರಡನೆಯದು ಹೊಟ್ಟೆ ಹುಣ್ಣು. ರಾತ್ರಿ ಮೇವು ಕೊಡದೆ ಬೆಳಗ್ಗೆ 3 ಮೀಟರ್ ಉದ್ದದ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದ ಹೊಟ್ಟೆಗೆ ಬಿಟ್ಟು ನೋಡಿದರು. ಜಠರದ ಮೇಲ್ಭಾಗದಲ್ಲಿ ಹುಣ್ಣುಗಳು ಕಂಡವು.

ಕುದುರೆಯ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಇದರಲ್ಲಿ ಆಶ್ಚರ್ಯ ಇಲ್ಲ. ಕುದುರೆ ದಿನದ ಬಹುಪಾಲು ಮೇಯುತ್ತಲೇ ಇರಬೇಕಾದ ಪ್ರಾಣಿ. ತಿನ್ನಲಿ ಬಿಡಲಿ, ಅದರ ಜಠರದಲ್ಲಿ 24 ಗಂಟೆಯೂ ಆಮ್ಲ ಒಸರುತ್ತದೆ. ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಲೇ ಬರುತ್ತದೆ. ಬೆಳಗಿನ ಶೋ ಎಂದು ಖಾಲಿ ಹೊಟ್ಟೆಯಲ್ಲಿ ಟ್ರಕ್ಕಿಗೆ ಹತ್ತಿಸಿ, ವಾರ್ಮ್‌ಅಪ್ಪಿನಲ್ಲಿ ಓಡಿಸಿದರೆ ಆ ಆಮ್ಲ ಮೇಲಕ್ಕೆ ಚಿಮ್ಮುತ್ತದೆ. ಮೇಲ್ಭಾಗಕ್ಕೆ ಅದನ್ನು ತಡೆಯುವ ಲೋಳೆಯ ಪದರವಿಲ್ಲ. ಬೆಲ್ಲನ ಊಟ ಇನ್ನೂ ರೇಸಿನ ಲೆಕ್ಕದಲ್ಲೇ ಇತ್ತು. ಕಾಳು ಜಾಸ್ತಿ, ಹುಲ್ಲು ಕಮ್ಮಿ. ಹೊಟ್ಟೆ ಉರಿಯುವವನಿಗೆ ಪಟ್ಟಿ ಬಿಗಿದರೆ ಕಚ್ಚದೆ ಏನು ಮಾಡಿಯಾನು?

ಆಮ್ಲ ತಗ್ಗಿಸುವ ಒಮೆಪ್ರಜೋಲ್ ಔಷಧಿ ನಾಲ್ಕು ವಾರ ನಡೆಯಿತು. ಕಾಳು ಕಡಿಮೆಯಾಯಿತು, ಹುಲ್ಲು ಹೊತ್ತು ಹೊತ್ತಿಗೂ ಮುಂದೆ ಬಿತ್ತು. ಸವಾರಿಗೆ ಮುಂಚೆ ಒಂದು ಹಿಡಿ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು). ಅದರಲ್ಲಿರುವ ಸುಣ್ಣದಂಶ ಆಮ್ಲವನ್ನು ತಗ್ಗಿಸುತ್ತದೆ. ದಿನಕ್ಕೆ ಕೆಲವು ಗಂಟೆ ಬೇರೊಂದು ಕುದುರೆಯ ಜೊತೆ ಬಯಲಿಗೆ ಬಿಟ್ಟರು. ಜೀನು ಬದಲಾಯಿತು. ಬೆಲ್ಲನ ಕಿವಿ ಮುಂದಕ್ಕೆ ಬಂದವು.

ಇಷ್ಟಕ್ಕೆ ತೊಂದರೆ ಮುಗಿಯಿತು ಎಂದು ವಿ ಅಂದುಕೊಂಡರು.

"ಸುಮ್ನೆ ಎಂಜಾಯ್ ಮಾಡ್ತೀನಿ" ಎಂಬ ಪ್ರಯತ್ನ

ಕುದುರೆ ಚೇತರಿಸಿಕೊಂಡ ಮೇಲೆ ವಿ ಮತ್ತೆ ಶೋಗೆ ಹೆಸರು ಕೊಟ್ಟರು. "ಈ ಸಲ ರಿಸಲ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ, ಸುಮ್ನೆ ಎಂಜಾಯ್ ಮಾಡ್ತೀನಿ" ಎಂದರು. ಮನಸಾರೆ ಹೇಳಿದ ಮಾತು ಅದು. ಆದರೆ ಹೋದದ್ದು ಅದೇ ಕ್ಲಾಸುಗಳಿಗೆ, ಅದೇ ಮೈದಾನಕ್ಕೆ. ಬೇಲಿ ಹತ್ತಿರ ಅದೇ ಸ್ನೇಹಿತೆಯರು, ಅದೇ ಬೋರ್ಡು. ಮನೆಯಿಂದ ಹೊರಟಾಗ ಯಜಮಾನರು "ಆಲ್ ದ ಬೆಸ್ಟ್, ಕಪ್ ತಗೊಂಡು ಬಾ" ಎಂದು ಹಾರೈಸಿದ್ದರು. ವಾರ್ಮ್‌ಅಪ್ಪಿನಲ್ಲಿ ಇನ್ನೊಬ್ಬ ಸವಾರರ ಚೆಂದದ ಟ್ರಾಟ್ (ಕುದುರೆಯ ದುಡುಕಿ ನಡೆ) ಕಂಡ ಕೂಡಲೇ ವಿ ಅವರ ಕೈ ಬಿಗಿಯಾಯಿತು. ಕೈ ಬಿಗಿಯಾದರೆ ಬೆಲ್ಲ ಏನು ಮಾಡುತ್ತಾನೆ ಎಂದು ಆಗಲೇ ಹೇಳಿದೆ. ಕ್ಯಾಂಟರಿನಲ್ಲಿ, ಅಂದರೆ ಟ್ರಾಟಿಗಿಂತ ವೇಗದ ನೆಗೆತದ ಓಟದಲ್ಲಿ, ಅಂಗಣದ ಗೆರೆ ದಾಟಿ ಹೊರಗೇ ಹೋದ.

ವಿ ಅವರಿಗೆ ಆಗ ಎರಡು ಪಟ್ಟು ಬೇಸರ. ಶೋನಲ್ಲೂ ಆಗಲಿಲ್ಲ, ಖುಷಿಪಡಲೂ ಆಗಲಿಲ್ಲ ಎಂದು. ಖುಷಿಯೂ ಅವರಿಗೆ ಇನ್ನೊಂದು ಗುರಿಯಾಗಿ, ಅದರಲ್ಲೂ ಫೇಲಾದಂತೆ ಆಗಿತ್ತು.

ಈ ಪ್ರಕರಣದಲ್ಲಿ ನನಗೆ ತುಂಬ ಮುಖ್ಯವೆನಿಸುವ ಜಾಗ ಇದು. ಮನಸ್ಸಿಗೆ "ಖುಷಿಪಡು" ಎಂದು ಅಪ್ಪಣೆ ಕೊಟ್ಟರೆ ಅದು ಕೇಳುವುದಿಲ್ಲ. ದಿನದ ಏರ್ಪಾಡೆಲ್ಲ ಗೆಲ್ಲುವುದಕ್ಕಾಗಿಯೇ ಇರುವಾಗ ಮಾತು ಮಾತ್ರ ಖುಷಿಯದ್ದಾದರೆ, ದಿನವೇ ಗೆಲ್ಲುತ್ತದೆ. ಏರ್ಪಾಡನ್ನೇ ಬದಲಿಸಬೇಕಿತ್ತು.

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮತ್ತೊಂದಕ್ಕೆ ಕೊಡಲೇ ಇಲ್ಲ. ಮುಂದೆ ಬಿಡುವಿನ ಹೊತ್ತಿನಲ್ಲಿ ತಾವಾಗಿಯೇ ಚಿತ್ರ ಬಿಡಿಸುವುದು ಕಡಿಮೆಯಾದದ್ದು ಮೊದಲ ಗುಂಪಿನಲ್ಲಿ ಮಾತ್ರ. ಅನಿರೀಕ್ಷಿತವಾಗಿ ಪತ್ರ ಸಿಕ್ಕ ಮಕ್ಕಳ ಆಸಕ್ತಿ ಹಾಗೇ ಉಳಿದಿತ್ತು. ವಿ ಅವರ ಹಳದಿ ರೋಸೆಟ್ ನೆನೆದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಅದು ಎದುರುನೋಡದೆ ಬಂದದ್ದು, ಯಾವ ಹಾನಿಯನ್ನೂ ಮಾಡಲಿಲ್ಲ. ಹಾನಿ ಶುರುವಾದದ್ದು ಮುಂದಿನದನ್ನು ಎದುರುನೋಡತೊಡಗಿದಾಗ.

ಚಹಾ ಹೊತ್ತಿನ ಒಂದು ಪ್ರಶ್ನೆ

ಒಂದು ಭಾನುವಾರ ಲಾಯದ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ನಾನು ಕೇಳಿದೆ: "ಅಂಕ, ರಿಬ್ಬನ್ನು, ಬೋರ್ಡು ಎಲ್ಲ ಬಿಟ್ಟುಹಾಕಿ. ಶೋ ದಿನ ನಿಮಗೆ ನಿಜವಾಗ್ಲೂ ಇಷ್ಟ ಆಗೋದು ಯಾವುದು?"

ಅವರು ತಡಮಾಡದೆ ಹೇಳಿದರು. ಬೆಳಗಿನ ಕತ್ತಲಲ್ಲಿ ಬೆಲ್ಲನ ಜೂಲು ಹೆಣೆಯುವುದು. ಲಗಾಮಿನ ಚರ್ಮಕ್ಕೆ ಎಣ್ಣೆ ಹಾಕಿ ಉಜ್ಜುವುದು. ಎಲ್ಲ ಸಿಂಗಾರವಾದ ಮೇಲೆ 'ಎ' ಹತ್ತಿರ ಒಳಗೆ ಬರುವ ಆ ಗಳಿಗೆ. ಎಕ್ಸಿನಲ್ಲಿ ನಿಂತು ತಲೆಬಾಗುವಾಗ ಸುತ್ತ ಮೌನವಾಗುವುದು.

"ಮತ್ತೆ ಜಂಪಿಂಗ್?"

"ಅಯ್ಯೋ ಮೇಡಂ, ಅದು ನನಗೆ ಇಷ್ಟಾನೇ ಇಲ್ಲ. ಭಯ ಆಗುತ್ತೆ."

ಪಕ್ಕದಲ್ಲಿ ಹುಲ್ಲು ಬಿಡಿಸುತ್ತಿದ್ದ ಸೈಸ್ ನಕ್ಕರು. ಲಾಯದಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. "ಅವನಿಗೂ ಇಷ್ಟ ಇಲ್ಲ ಮೇಡಂ. ನೀವು ಯಾವತ್ತೂ ಕೇಳ್ಲೇ ಇಲ್ಲ" ಎಂದರು.

ಇಷ್ಟವಿಲ್ಲದ ಸವಾರೆ, ಇಷ್ಟವಿಲ್ಲದ ಕುದುರೆ. ಇಬ್ಬರೂ ಸೇರಿ ತಿಂಗಳುಗಟ್ಟಲೆ ಬೇಲಿ ಹಾರಲು ಹೋಗುತ್ತಿದ್ದರು, ಏಕೆಂದರೆ ಅಲ್ಲಿ ಕಪ್ಪುಗಳು ಜಾಸ್ತಿ. ಅವತ್ತೇ ಜಂಪಿಂಗ್ ಬಿಟ್ಟರು. ಶೋ ಬಿಡಲಿಲ್ಲ. ಗೆಲ್ಲುವ ಆಸೆ ಕಾಡಿದಾಗ ಶೋವನ್ನೇ ತೊರೆಯುವವರನ್ನು ನೋಡಿದ್ದೇನೆ. ವಿ ಹಾಗೆ ಮಾಡಬೇಕಾಗಿರಲಿಲ್ಲ. ಶೋನಲ್ಲಿ ಅವರಿಗೆ ಪ್ರಿಯವಾದ ಭಾಗ ಬಹಳ ಇತ್ತು.

ಹೊಸ ಏರ್ಪಾಡು

ಮುಂದಿನ ಕೆಲವು ವಾರ ನಾವು ಮೂವರೂ ಮಾತಾಡಿ ಕೆಲವು ತೀರ್ಮಾನ ಮಾಡಿದೆವು. ಮೂವರು ಎಂದರೆ ವಿ, ಚಾಚಾ, ನಾನು.

ಕ್ಲಾಸು: ಮನೆಯಲ್ಲಿ ಕ್ಯಾಂಟರ್ ಮಾಡುವವರು ಶೋನಲ್ಲಿ ವಾಕ್ (ನಿಧಾನದ ನಡಿಗೆ) ಮತ್ತು ಟ್ರಾಟ್ ಮಾತ್ರ ಇರುವ ಸುಲಭದ ಡ್ರೆಸ್ಸಾಜ್ ಟೆಸ್ಟಿಗೆ ಇಳಿದರು. ಹೊಸ ಜಾಗ, ಮೈಕಿನ ಸದ್ದು, ಬೇರೆ ಕುದುರೆಗಳು ಇದ್ದಾಗ ಸುಲಭದ್ದೂ ಕಷ್ಟವಾಗುತ್ತದೆ. ಕುದುರೆಗೆ ಚೆನ್ನಾಗಿ ಬರುವುದನ್ನೇ ಜನರ ಮುಂದೆ ಕೇಳುವುದು ಅದಕ್ಕೆ ನಾವು ತೋರಿಸುವ ಮರ್ಯಾದೆ ಎಂದು ನನ್ನ ನಂಬಿಕೆ.

ಸ್ಥಾನ: ಸ್ಪರ್ಧೆಯ ಹೊರಗೆ ಭಾಗವಹಿಸಲು ಕೆಲವು ಕುದುರೆ ಶೋಗಳಲ್ಲಿ ಅವಕಾಶ ಇರುತ್ತದೆ. ತೀರ್ಪುಗಾರರು ನೋಡುತ್ತಾರೆ, ಹಾಳೆ ತುಂಬುತ್ತಾರೆ, ಆದರೆ ಪಟ್ಟಿಯಲ್ಲಿ ಸ್ಥಾನ ಇಲ್ಲ. ಸಂಘಟಕರನ್ನು ಕೇಳಿದಾಗ ಒಪ್ಪಿದರು. ತೀರ್ಪುಗಾರರ ಮಾತು ಬೇಡ ಎಂದು ನಾನು ಹೇಳಲಿಲ್ಲ. ಅವರ ಎರಡು ಸಾಲಿನ ಟಿಪ್ಪಣಿ ಕಲಿಯುವವರಿಗೆ ಚಿನ್ನ. ಆದ್ದರಿಂದ ಹಾಳೆ ನನ್ನ ಹತ್ತಿರ ಬರಬೇಕು, ನಾನು ಟಿಪ್ಪಣಿಗಳನ್ನು ಮಾತ್ರ ಓದಿ ಹೇಳಬೇಕು ಎಂದಾಯಿತು. ಅಂಕ ಬೇಕೆನಿಸಿದರೆ ವಾರ ಕಳೆದ ಮೇಲೆ ಕೇಳಬಹುದು.

ಲೆಕ್ಕ: ವಿ ಅವರಿಗೆ ಲೆಕ್ಕ ಇಡದೆ ಇರಲಾಗದು. ಆ ಸ್ವಭಾವವನ್ನು ಬದಲಿಸಲು ಹೋಗಲಿಲ್ಲ. ಎಕ್ಸೆಲ್ ಶೀಟಿನ ಕಾಲಂಗಳನ್ನು ಬದಲಿಸಿದೆವು. ಶೋ ಮೈದಾನದಲ್ಲಿ ಬೆಲ್ಲ ಹುಲ್ಲು ತಿಂದನಾ? ವಾರ್ಮ್‌ಅಪ್ಪಿನಲ್ಲಿ ಕುತ್ತಿಗೆ ಇಳಿಸಿ ಮೂಗಿನಿಂದ ಉಸಿರು ಚೆಲ್ಲಿದನಾ? ಟೆಸ್ಟ್ ಮುಗಿದ ಮೇಲೆ ನಾನೇ ಅವನ ಮೈ ತೊಳೆದೆನಾ? ಮೂರೂ ಕಣ್ಣಿಗೆ ಕಾಣುವ ಸಂಗತಿಗಳು. ಮೂರೂ ಬೇರೆಯವರ ಕುದುರೆಯನ್ನು ನೋಡಿ ಹೋಲಿಸುವಂಥವಲ್ಲ. ಒತ್ತಡದಲ್ಲಿರುವ ಕುದುರೆ ಎಷ್ಟೋ ಸಲ ಮೇವು ಮುಟ್ಟುವುದಿಲ್ಲ, ಹಾಗಾಗಿ ಮೊದಲ ಪ್ರಶ್ನೆ ತೀರ್ಪುಗಾರರ ಅಂಕದಷ್ಟೇ ಗಟ್ಟಿ.

ಬಿಟ್ಟುಬರುವ ಹಕ್ಕು: ಇದಕ್ಕೆ ತುಂಬ ಚರ್ಚೆಯಾಯಿತು. ಬೆಲ್ಲ ಯಾವ ಯಾವ ಸೂಚನೆ ಕೊಟ್ಟರೆ ರಿಂಗಿಗೆ ಹೋಗದೆ ವಾಪಸ್ ಬರಬೇಕು ಎಂದು ಮೊದಲೇ ಬರೆದಿಟ್ಟುಕೊಂಡೆವು. ಆ ದಿನ ಹೇಳುವ ಅಧಿಕಾರ ಚಾಚಾಗೆ ಕೊಟ್ಟೆವು. ವಿ ಅವರಿಗೆ ಆಸೆ ಇರುತ್ತದೆ, ನನಗೂ ಶಿಷ್ಯೆಯ ಮೇಲೆ ಹೆಮ್ಮೆ ಇರುತ್ತದೆ. ಚಾಚಾಗೆ ಕುದುರೆ ಮಾತ್ರ. ದಿನಕ್ಕೆ ಹತ್ತು ಗಂಟೆ ಅದರ ಜೊತೆ ಇರುವವರು ಅವರು. ಎಷ್ಟೋ ಲಾಯಗಳಲ್ಲಿ ಸೈಸನ್ನು ಹಗ್ಗ ಹಿಡಿಯುವವನು ಎಂದಷ್ಟೇ ಕಾಣುತ್ತಾರೆ, ಅವರಿಗೆ ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಇನ್ನು ಮನೆಯವರಿಗೆ ಮತ್ತು ಸ್ನೇಹಿತೆಯರಿಗೆ ವಿ ತಾವೇ ಹೇಳಿದರು: "ಎಷ್ಟನೇದು ಬಂತು ಅಂತ ಕೇಳ್ಬೇಡಿ. ಬೆಲ್ಲ ಹೇಗಿದ್ದ ಅಂತ ಕೇಳಿ."

ಏನಾಯಿತು

ಮೊದಲ ಶೋನಲ್ಲಿ ಅವರು ರಿಂಗಿಗೇ ಇಳಿಯಲಿಲ್ಲ. ಗಾಳಿ ಜೋರಾಗಿತ್ತು. ಶಾಮಿಯಾನದ ಬಟ್ಟೆ ಪಟಪಟ ಹೊಡೆಯುತ್ತಿತ್ತು. ಬೆಲ್ಲ ಹುಲ್ಲು ಮುಟ್ಟಲಿಲ್ಲ, ಹಲ್ಲು ಕಡಿಯತೊಡಗಿದ. ಚಾಚಾ ತಲೆ ಅಲ್ಲಾಡಿಸಿ "ಬೇಡ ಮೇಡಂ, ಇವತ್ತು ಬೇಡ" ಎಂದರು. ವಿ ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಅವರು ಇಳಿದು, ಜೀನು ಬಿಚ್ಚಿ, ಬೆಲ್ಲನನ್ನು ಮೈದಾನದ ಆಚೆ ಮರದ ನೆರಳಿಗೆ ಕರೆದುಕೊಂಡು ಹೋದರು. ಅರ್ಧ ಗಂಟೆಯಲ್ಲಿ ಅವನು ಮೇಯತೊಡಗಿದ.

ಮನೆಯಲ್ಲಿ "ಎಂಟ್ರಿ ಫೀಸು, ಟ್ರಕ್ಕಿನ ಬಾಡಿಗೆ ಎಲ್ಲ ದಂಡ ಆಯ್ತಲ್ಲ" ಎಂದರಂತೆ. ಹಣ ಖರ್ಚಾದದ್ದು ನಿಜ, ಈ ಹವ್ಯಾಸ ಅಗ್ಗದ್ದಲ್ಲ. ಆದರೆ ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ತಿರುಗಿದ್ದು ಆ ದಿನವೇ. ಶೋ ಎಂದರೆ ಹೇಗಾದರೂ ಮುಗಿಸಲೇಬೇಕಾದ ಪರೀಕ್ಷೆ ಎಂಬ ಭಾವನೆ ಅಲ್ಲಿಗೆ ಬಿಟ್ಟುಹೋಯಿತು. ವಾಪಸ್ ಬರಬಹುದು ಎಂದು ಒಮ್ಮೆ ಮಾಡಿ ನೋಡಿದ ಮೇಲೆ ವಿ ಅವರಿಗೆ ಬೆಳಗಿನ ವಾಂತಿ ನಿಂತಿತು.

ಎರಡನೇ ಶೋಗೆ ಬೆಲ್ಲನ ಬಯಲಿನ ಜೊತೆಗಾರನನ್ನೂ ಕರೆದೊಯ್ದರು. ಹಿಂದಿನ ದಿನವೇ ಹೋಗಿ ಮೈದಾನ ಸುತ್ತಿಸಿದರು. ಬೆಲ್ಲ ತಿಂದ. ವಾರ್ಮ್‌ಅಪ್ಪಿನಲ್ಲಿ ಎರಡು ಸಲ ಮೂಗಿನಿಂದ ಉಸಿರು ಚೆಲ್ಲಿದ. ಟೆಸ್ಟಿನಲ್ಲಿ ಎಕ್ಸಿನಲ್ಲಿ ವಕ್ರವಾಗಿ ನಿಂತ, ಒಂದು ಮೂಲೆ ಕತ್ತರಿಸಿದ. ಉಳಿದಂತೆ ನಿರಾಳವಾಗಿ ನಡೆದ. "ಸಂತೋಷದ ಜೋಡಿ, ಲಗಾಮಿನ ಹಿಡಿತ ಮೃದು" ಎಂಬ ಅರ್ಥದ ಟಿಪ್ಪಣಿ ಇತ್ತು. ಡ್ರೆಸ್ಸಾಜಿನ ಅಂತಾರಾಷ್ಟ್ರೀಯ ನಿಯಮ ಪುಸ್ತಕವೇ ಕುದುರೆಯನ್ನು ಸಂತೋಷದ ಕ್ರೀಡಾಪಟುವಾಗಿ ಬೆಳೆಸುವುದು ಈ ಕಲೆಯ ಉದ್ದೇಶ ಎನ್ನುತ್ತದೆ. ಆ ಸಾಲು ಮೊದಲ ಸಲ ವಿ ಅವರಿಗೆ ತಮ್ಮದೆನಿಸಿತು.

ಆ ವರ್ಷದ ಕೊನೆಗೆ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಸಂಗೀತಕ್ಕೆ ಹೊಂದಿಸಿದ ಒಂದು ಪ್ರದರ್ಶನ ಮಾಡಿದರು. ಅಂಕ ಇಲ್ಲ, ತೀರ್ಪುಗಾರರಿಲ್ಲ. ನಮ್ಮಲ್ಲಿ ಇದು ಹೊಸದೇನಲ್ಲ. ದಸರೆಯ ಮೆರವಣಿಗೆಯಲ್ಲಿ ಅಶ್ವದಳ ಸಾಗುವಾಗ ರಸ್ತೆಯ ಎರಡೂ ಕಡೆ ಜನ ಎದ್ದುನಿಂತು ನೋಡುತ್ತಾರೆ, ಯಾವ ಕುದುರೆ ಫಸ್ಟ್ ಎಂದು ಯಾರೂ ಕೇಳುವುದಿಲ್ಲ. ಚೆನ್ನಾಗಿ ಸಾಕಿದ, ಚೆನ್ನಾಗಿ ಕಲಿತ ಕುದುರೆಯನ್ನು ನಾಲ್ಕು ಜನರ ಮುಂದೆ ತೋರಿಸುವುದೇ ಒಂದು ಸಂಭ್ರಮ. ವಿ ಅವರಿಗೆ ಬಾಲ್ಯದಲ್ಲಿ ಹತ್ತಿದ ಆಸೆಯೂ ಅದೇ ಆಗಿತ್ತು ಅಲ್ವಾ?

ಎಲ್ಲವೂ ಸಲೀಸಾಗಿ ನಡೆಯಿತು ಎಂದಲ್ಲ. ಒಬ್ಬ ಹಳೆಯ ಸ್ನೇಹಿತೆ "ನೀನು ಸೀರಿಯಸ್ ಅಲ್ಲ ಬಿಡು" ಎಂದು ದೂರವಾದರು. ಸ್ಪರ್ಧೆಯ ಹೊರಗಿನವರು ಸುಮ್ನೆ ಹೊತ್ತು ತಿನ್ನುತ್ತಾರೆ ಎಂಬ ಗೊಣಗಾಟವೂ ಕೇಳಿಬಂತು. ಅದರಲ್ಲಿ ನ್ಯಾಯ ಇದೆ. ಅಂದಿನಿಂದ ವಿ ಕ್ಲಾಸಿನ ಕೊನೆಯ ಸರದಿಯನ್ನೇ ಕೇಳುತ್ತಾರೆ, ಜೊತೆಗೆ ಬೇರೆ ಕ್ಲಾಸುಗಳಲ್ಲಿ ತೀರ್ಪುಗಾರರ ಪಕ್ಕ ಕೂತು ಅಂಕ ಬರೆದುಕೊಡುವ ಕೆಲಸ ಮಾಡುತ್ತಾರೆ.

ನಂತರ ಒಂದು ದಿನ ವಿ ಕೇಳಿದರು, "ಮೇಡಂ, ನಾನು ಸ್ಪರ್ಧೆಯ ಒಳಗೇ ಹೆಸರು ಕೊಡ್ಲಾ?" ಗೆಲ್ಲುವ ಆಸೆ ಮತ್ತೆ ಮೊಳೆತಿತ್ತು. ನಾನು ಬೇಡ ಎನ್ನಲಿಲ್ಲ. ಹಳೆಯ ಮೂರು ಕಾಲಂ ಹಾಗೇ ಇರಲಿ, ನಾಲ್ಕನೆಯದಾಗಿ ಶೇಕಡಾವಾರು ಸೇರಿಸಿ ಎಂದೆ. ಏಳು ಜನರಲ್ಲಿ ಐದನೆಯವರಾಗಿ ಬಂದರು, ಶೇ 61. ಬೆಲ್ಲನ ಮೈ ತೊಳೆದ ಮೇಲೆ ಬೋರ್ಡ್ ನೋಡಲು ಹೋದರು.

ಇತರರಿಗೆ ಉಪಯೋಗವಾಗುವ ಮಾತು

ಇದು ಸೋತವರ ಸಮಾಧಾನ ಅಲ್ವಾ ಎಂದು ಒಬ್ಬ ಸಹೋದ್ಯೋಗಿ ನನ್ನನ್ನು ನೇರವಾಗಿ ಕೇಳಿದ್ದಾರೆ. ಗೆಲುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬೆಂಗಳೂರಿನ ಸವಾರ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಾಗ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲಿಗೆ ಹೋಗಿ 23ನೆಯವರಾದಾಗ ನಮ್ಮ ಲಾಯದಲ್ಲಿ ಹಬ್ಬ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸ್ಸಾಜ್ ತಂಡಕ್ಕೆ ಚಿನ್ನ ಬಂದಾಗ, ಕುದುರೆ ಸವಾರಿ ಕ್ರೀಡೆಯಲ್ಲಿ 41 ವರ್ಷಗಳ ನಂತರ ದೇಶಕ್ಕೆ ಸಿಕ್ಕ ಏಷ್ಯನ್ ಚಿನ್ನ ಅದು, ವಿ ಆಫೀಸಿನಲ್ಲೇ ಫೋನ್ ಹಿಡಿದು ನೋಡಿದ್ದರು. ಆ ಮಟ್ಟದ ಸವಾರರು ಕುದುರೆಯ ಹೊಟ್ಟೆ, ಬೆನ್ನು, ಮನಸ್ಸು ಮೂರನ್ನೂ ನಮಗಿಂತ ಜಾಸ್ತಿ ನೋಡಿಕೊಳ್ಳುತ್ತಾರೆ. ವಾರಾಂತ್ಯದ ಸವಾರರು ಅವರಿಂದ ಕಲಿಯಬೇಕಾದದ್ದು ಅದನ್ನೇ.

ಕಲಿಸುವವರಿಗೆ ನಾನು ಒತ್ತಿ ಹೇಳುವುದು ಕ್ರಮದ ಬಗ್ಗೆ. ಕುದುರೆ "ಒಲ್ಲೆ" ಎಂದಾಗ ಮೊದಲು ವೈದ್ಯರು ಮತ್ತು ಜೀನು, ಆಮೇಲೆ ಸವಾರರ ಮನಸ್ಸು. ನೋವಿರುವ ಕುದುರೆಯ ಮೇಲೆ ಎಷ್ಟೇ ಹಗುರ ಮನಸ್ಸಿನಿಂದ ಕೂತರೂ ಅದು ಕುದುರೆಗೆ ಖುಷಿಯಲ್ಲ. ಬೆಲ್ಲನ ಹುಣ್ಣು ಗೊತ್ತಾಗದೆ ಹೊಸ ಏರ್ಪಾಡು ಮಾಡಿದ್ದರೆ ಅದೂ ನಿಷ್ಫಲವಾಗುತ್ತಿತ್ತು. ಹಾಗೆಯೇ ಹುಣ್ಣು ವಾಸಿಯಾದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ ಎನ್ನುವುದನ್ನೂ ನೋಡಿದೆವು.

ಸವಾರರು ತಮ್ಮನ್ನು ಕೇಳಿಕೊಳ್ಳಬೇಕಾದದ್ದು ಶೋ ದಿನದ ಯಾವ ಭಾಗ ಇಷ್ಟ ಎಂದು. ಉತ್ತರ ಎಲ್ಲರಿಗೂ ಒಂದೇ ಇರುವುದಿಲ್ಲ. ಕೆಲವರಿಗೆ ಬೇಲಿ ಹಾರುವ ರೋಮಾಂಚನವೇ ಇಷ್ಟ, ಅವರಿಗೆ ಡ್ರೆಸ್ಸಾಜ್ ಹೇರಬಾರದು. ಕೆಲವರಿಗೆ ಸ್ಪರ್ಧೆಯ ಬಿಸಿಯೇ ಇಷ್ಟ. ಅದೂ ತಪ್ಪಲ್ಲ, ಕುದುರೆ ಹುಲ್ಲು ತಿನ್ನುತ್ತಿರುವವರೆಗೆ.

ಬೆಲ್ಲನಿಗೆ ಈಗ 12. ಹೊಟ್ಟೆ ಹುಣ್ಣು ಮತ್ತೆ ಬರುವ ಕಾಯಿಲೆ, ಆದ್ದರಿಂದ ಮುಂದಿನ ಶೋ ಸಾಲಿಗೆ ಮುಂಚೆ ಇನ್ನೊಮ್ಮೆ ಕ್ಯಾಮೆರಾ ಬಿಟ್ಟು ನೋಡಬೇಕು ಎಂದು ವೈದ್ಯರು ಹೇಳಿದ್ದಾರೆ. ವಿ ಲೀಸನ್ನು ಮುಂದುವರಿಸಿದ್ದಾರೆ. ಪರೀಕ್ಷೆಯ ವರದಿ ಬಂದ ಮೇಲೆಯೇ ಎಂಟ್ರಿ ಫಾರಂ ತುಂಬುತ್ತಾರೆ.